ಮುಚ್ಚಿ ಹೊಲಿದ ಸೀಳು

ನನ್ನ ತಂಗಿ ತನ್ನ ಮದುವೆಯ ಬಟ್ಟೆಯಲ್ಲಿ ಒಂದು ಸೀಳು ಕೇಳಿದ್ದಳು. ಎಡಗಡೆ, ಮೊಣಕಾಲಿಗಿಂತ ಒಂದು ಗೇಣು ಮೇಲಿನಿಂದ ಕೆಳಗಿನ ಅಂಚಿನವರೆಗೆ. ನಾನು ಅದನ್ನು ಇಟ್ಟುಕೊಡಲಿಲ್ಲ. ಸರಿಯಾಗಿ ಹೇಳಬೇಕೆಂದರೆ, ಮೊದಲು ಇಟ್ಟಿದ್ದೆ, ಹಾಕಿಸಿ ನೋಡಿಯೂ ಇದ್ದೆ. ಮದುವೆಯ ಹಿಂದಿನ ದಿನ ಅದನ್ನು ಮುಚ್ಚಿ ಹೊಲಿದುಬಿಟ್ಟೆ. ಯಾಕೆ ಮುಚ್ಚಿದೆ ಎಂದು ಅವಳು ಕೇಳಿದಾಗ ಸುಳ್ಳು ಹೇಳಿದೆ. ಆ ಸುಳ್ಳನ್ನು ಆರು ವರ್ಷ ಹಾಗೇ ಉಳಿಸಿಕೊಂಡೆ.

ನಾನು ಶಿಡ್ಲಘಟ್ಟದಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತೇನೆ. ನನ್ನ ಕೈ ಚೆನ್ನಾಗಿದೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿದರೆ ಅದು ನೀರು ಕಂಡ ಮೇಲೆ ಎಷ್ಟು ಕುಗ್ಗುತ್ತದೆ, ಎಲ್ಲಿ ಎಳೆಯುತ್ತದೆ ಎಂದು ಹೇಳಬಲ್ಲೆ. ಒಂದು ಭುಜ ಇಳಿದವರು, ಬೆನ್ನು ಬಾಗಿದವರು, ಆಪರೇಷನ್ನಿನಲ್ಲಿ ಒಂದು ಎದೆ ತೆಗೆಸಿಕೊಂಡವರು, ಎಲ್ಲರಿಗೂ ಹೊಲಿದಿದ್ದೇನೆ. ಹಾಗಾಗಿ ಆ ಸೀಳು ನನಗೆ ಬಾರದ ಕೆಲಸವಾಗಿತ್ತು ಎಂದು ಯಾರೂ ತಿಳಿಯಬಾರದು. ಬರುತ್ತಿತ್ತು. ಬೇಕೆಂದೇ ಮುಚ್ಚಿದೆ.

ತಂಗಿ ನನಗಿಂತ ಏಳು ವರ್ಷ ಚಿಕ್ಕವಳು. ಒಂದೂವರೆ ವರ್ಷದವಳಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿತು. ಅಪ್ಪ ಬೇಗ ತೀರಿಕೊಂಡರು. ಅಮ್ಮ ನೂಲು ತೆಗೆಯುವ ಘಟಕದಲ್ಲಿ, ಬಿಸಿನೀರಿನ ತೊಟ್ಟಿಯಲ್ಲಿ ಬೆಂದ ರೇಷ್ಮೆಗೂಡಿನಿಂದ ಎಳೆ ಹಿಡಿಯುವ ಕೆಲಸಕ್ಕೆ ಬೆಳಗ್ಗೆಯೇ ಹೋಗುತ್ತಿದ್ದಳು. ತಂಗಿಯನ್ನು ಸ್ಕೂಲಿಗೆ ಹೊತ್ತುಕೊಂಡು ಹೋಗಲು ಒಬ್ಬರು ಬೇಕಿತ್ತು. ಆರನೇ ಕ್ಲಾಸಿಗೆ ನನ್ನ ಓದು ನಿಂತಿತು. ಅದನ್ನು ನಾನು ಯಾರ ಮೇಲೂ ಹೊರಿಸಿದವಳಲ್ಲ. ಅವಳನ್ನು ಹೊರುವುದು ನನಗೆ ಇಷ್ಟವಿತ್ತು. ಸ್ಕೂಲಿನ ಎದುರಿಗೆ ಟೈಲರಮ್ಮನೊಬ್ಬಳ ಜಗಲಿ. ತಂಗಿಯನ್ನು ಬೆಂಚಿನ ಮೇಲೆ ಕೂರಿಸಿ ಬಂದರೆ ಸಂಜೆ ನಾಲ್ಕರ ಗಂಟೆ ಹೊಡೆಯುವವರೆಗೂ ನಾನು ಆ ಜಗಲಿಯ ಮೇಲೇ ಇರುತ್ತಿದ್ದೆ. ಮೊದಲು ಗುಂಡಿ ಹಾಕಿದೆ, ಆಮೇಲೆ ಕಾಜಾ, ಆಮೇಲೆ ಹೆಮ್ಮಿಂಗ್. ತಂಗಿ ಹತ್ತನೇ ಕ್ಲಾಸು ಪಾಸು ಮಾಡುವಷ್ಟರಲ್ಲಿ ನಾನು ಕುಪ್ಪಸ ಕತ್ತರಿಸುವವಳಾಗಿದ್ದೆ.

ಆ ವರ್ಷಗಳಲ್ಲೇ ಇನ್ನೊಂದು ಅಭ್ಯಾಸವೂ ನನಗೆ ಅಂಟಿಕೊಂಡಿತು. ಬಸ್ಸಿನಲ್ಲಿ ಯಾರಾದರೂ ಅವಳ ಕಾಲಿನ ಮೇಲೆ ಕಣ್ಣಿಟ್ಟರೆ ಸಾಕು, ನನ್ನ ಕೈ ತಾನಾಗಿ ಹೋಗಿ ಅವಳ ಲಂಗವನ್ನು ಕೆಳಗೆ ಎಳೆಯುತ್ತಿತ್ತು. ಅವಳು ಎಂದೂ ಹಾಗೆ ಮಾಡು ಎಂದಿರಲಿಲ್ಲ.

ದೊಡ್ಡವಳಾದ ಮೇಲೆ ಅವಳಿಗೆ ಕ್ಯಾಲಿಪರ್ ಬಂತು. ತೊಡೆಯಿಂದ ಬೂಟಿನವರೆಗೆ ಕಾಲಿನ ಎರಡೂ ಪಕ್ಕಕ್ಕೆ ಉಕ್ಕಿನ ಕಂಬಿ, ಮೊಣಕಾಲಿನ ಹತ್ತಿರ ಕಂಬಿಗೆ ಒಂದೊಂದು ಉಂಗುರ. ಉಂಗುರ ಕೆಳಗಿದ್ದರೆ ಕಾಲು ಕೋಲಿನ ಹಾಗೆ ನೇರ ನಿಲ್ಲುತ್ತದೆ. ಅವೆರಡನ್ನೂ ಬೆರಳಿನಿಂದ ಮೇಲಕ್ಕೆ ಎಳೆದರೆ ಮಾತ್ರ ಮಡಚುತ್ತದೆ, ಆಗ ಕೂರಬಹುದು. ದಿನವೂ ಸಡಿಲವಾದ ತೆಳು ಕಾಟನ್ ಪ್ಯಾಂಟು ಹಾಕುತ್ತಿದ್ದಳು. ಬಟ್ಟೆಯ ಮೇಲಿನಿಂದಲೇ ಉಂಗುರ ಚಿವುಟಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕೂತುಬಿಡುತ್ತಿದ್ದಳು. ಡಿಗ್ರಿ ಮಾಡಿ, ಕಂಪ್ಯೂಟರ್ ಕಲಿತು, ಚಿಕ್ಕಬಳ್ಳಾಪುರದ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಮೂವತ್ತಮೂರನೇ ವಯಸ್ಸಿನಲ್ಲಿ ತನಗೆ ಬೇಕಾದ ಗಂಡನ್ನು ತಾನೇ ನೋಡಿಕೊಂಡಳು. ಗೌರಿಬಿದನೂರಿನ ಕಡೆಯ ಒಬ್ಬ ಹೈಸ್ಕೂಲು ಮೇಷ್ಟ್ರು. ಅವರ ಮನೆಯವರದು ಬೌದ್ಧ ಪದ್ಧತಿ. ಹೋಮವಿಲ್ಲ, ಮುಹೂರ್ತವಿಲ್ಲ, ಹೆಣ್ಣು ಗಂಡು ಇಬ್ಬರೂ ಬಿಳಿ ಬಟ್ಟೆ ಹಾಕಿ, ಎದ್ದು ನಿಂತು ಬುದ್ಧನ ಐದು ಶೀಲಗಳನ್ನು ಹೇಳಿದರೆ ಮದುವೆ.

ಬಿಳಿ ಎಂದದ್ದೇ ಅಮ್ಮ ಅನ್ನದ ತಟ್ಟೆ ಪಕ್ಕಕ್ಕಿಟ್ಟಳು. ನಮ್ಮ ಅಮ್ಮನಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ.

"ಏಮೇ, ಮದ್ವೇಗೆ ತೆಲ್ಲ ಬಟ್ಟಾ? ನಾನು ಉಡ್ಬೇಕಾಗಿರೋದನ್ನ ನೀನು ಉಡ್ತೀಯಾ?"

"ನೀನು ಕೆಂಪುದು ಉಡಮ್ಮ. ಲೆಕ್ಕ ಸರಿಹೋಗತ್ತೆ," ಎಂದಳು ತಂಗಿ.

ಅಮ್ಮ ನಗಬಾರದೆಂದುಕೊಂಡೇ ನಕ್ಕಳು. ಮರುದಿನ ತನ್ನ ನೂಲಿನ ಘಟಕದಲ್ಲಿ ವಿಚಾರಿಸಿ ಬಿಳಿ ರೇಷ್ಮೆ ತರಿಸಿದವಳೂ ಅವಳೇ. ಒಂದೇ ಗೂಡಿನಲ್ಲಿ ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡಿನ ನೂಲು ಅದು. ಎಳೆ ನುಣ್ಣಗೆ ಬರುವುದಿಲ್ಲ, ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ಸಣ್ಣ. ನೇಯ್ದರೆ ಬಟ್ಟೆಯ ಮೇಲೆಲ್ಲ ಸಣ್ಣ ಗಂಟು. ಸೀರೆಯವರು ಅದನ್ನು ಬೇಡವೆನ್ನುತ್ತಾರೆ. ತಂಗಿ ಅದನ್ನೇ ಬೇಕೆಂದಳು.

"ಸೀರೆ ಬೇಡಕ್ಕಾ. ನೆರಿಗೆ ಒಳಗೆ ನನ್ ಕಾಲು ಎಲ್ಲಿದೆ ಅಂತ ನನಗೇ ಗೊತ್ತಾಗಲ್ಲ. ಉದ್ದ ಅಂಗಿ ಹೊಲಿ. ಭುಜದಿಂದ ಕಣಕಾಲಿನ ಗಂಟ ನೇರ ಬರ್ಲಿ. ಎಡಗಡೆ ಓಪನ್ ಇಡು."

"ಓಪನ್ ಇಟ್ರೆ ಕ್ಯಾಲಿಪರ್ ಕಾಣತ್ತಲ್ಲೇ."

"ಕಾಣ್ಲಿ. ಅದೇನು ಕದ್ದಿದ್ದಾ? ಕೈ ಹಾಕಿ ಲಾಕ್ ತೆಗೀಬೇಕು, ಕೂತ್ಕೋಬೇಕು. ಎಲ್ಲಾರ್ ಮದ್ವೇಲೂ ಹೆಣ್ಣು ಕೂತ್ಕೊಳಲ್ವಾ? ನಾನೂ ಯಾರ ಕೈನೂ ಹಿಡೀದೆ ಹೋಗಿ, ಯಾರ ಕೈನೂ ಹಿಡೀದೆ ಕೂತ್ಕೊಳ್ತೀನಿ. ಅಷ್ಟೇ ನನ್ ಆಸೆ."

ಅಷ್ಟೇ ಆಸೆ. ನಾನು ಹೂಂ ಎಂದೆ, ಅಳತೆ ತೆಗೆದುಕೊಂಡೆ, ಕತ್ತರಿಸಿದೆ. ಕಚ್ಚಾ ಹೊಲಿಗೆ ಹಾಕಿ ಅಂಗಡಿಯಲ್ಲಿ ಒಂದು ಭಾನುವಾರ ಹಾಕಿಸಿ ನೋಡಿದೆ. ಅವಳು ನಾಲ್ಕು ಹೆಜ್ಜೆ ನಡೆದಳು, ಸೀಳಿನಿಂದ ಕೈ ಹಾಕಿದಳು, ಟಕ್ ಟಕ್ ಎಂದು ಎರಡು ಉಂಗುರ ಎಳೆದು ನನ್ನ ಸ್ಟೂಲಿನ ಮೇಲೆ ಕೂತಳು. ಕಾಲು ಮೇಲೆ ಕಾಲು ಹಾಕಲು ಬಂದಿದ್ದರೆ ಅದನ್ನೂ ಹಾಕುತ್ತಿದ್ದಳೋ ಏನೋ, ಅಷ್ಟು ಖುಷಿ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಚಿಂತಾಮಣಿಯಿಂದ ನಮ್ಮ ಸೋದರತ್ತೆ ಬಂದರು. ಬಟ್ಟೆ ಮೆಷಿನ್ನಿನ ಪಕ್ಕದಲ್ಲಿ ತೂಗುಹಾಕಿತ್ತು. ಅತ್ತೆ ಸೀಳಿನೊಳಗೆ ಬೆರಳಾಡಿಸಿದರು.

"ಇದೇನೇ, ಹೊಲಿಯದು ಮರ್ತಿದ್ಯಾ?"

"ಇಲ್ಲತ್ತೆ, ಅವಳೇ ಕೇಳಿದ್ದು."

"ಅವಳು ಚಿಕ್ಕೋಳು, ಕೇಳ್ತಾಳೆ. ನೀನು ಟೈಲರ್ರು ಕಣಮ್ಮ. ಊರಿಗೆಲ್ಲ ಸೊಟ್ಟ ನೆಟ್ಟಗೆ ಮಾಡ್ತೀಯ. ಮನೆ ಮಗೂಗೆ ಒಂದು ಕಾಲು ಮುಚ್ಚಕ್ಕಾಗಲ್ವಾ? ನಾಳೆ ಗಂಡಿನ ಕಡೆಯೋರು ಹುಡುಗೀನ ನೋಡ್ತಾರೋ ಕಬ್ಬಿಣ ನೋಡ್ತಾರೋ?"

ಅತ್ತೆಯ ಮಾತಿನಿಂದಲೇ ಹಾಗೆ ಮಾಡಿದೆ ಎಂದರೆ ಅದು ಇನ್ನೊಂದು ಸುಳ್ಳು. ಅವರು ಕಾಫಿ ಕುಡಿದು ಹೋದರು. ಆಮೇಲೆ ಒಂದು ಗಂಟೆ ನಾನೊಬ್ಬಳೇ ಆ ಬಟ್ಟೆಯ ಮುಂದೆ ಕೂತಿದ್ದೆ. ನನ್ನ ಕಣ್ಣಿಗೆ ಬರುತ್ತಿದ್ದದ್ದು ತಂಗಿ ಕೂರುವುದಲ್ಲ. ಮದುವೆ ಮನೆಯ ತುಂಬ ಜನ, ಅವಳು ನಡೆದು ಬರುವುದು, ಒಬ್ಬರಿಗೂ ಕಾಲಿನ ವಿಷಯ ಗೊತ್ತಾಗದೆ ಇರುವುದು, ಯಾರು ಹೊಲಿದದ್ದು ಎಂದು ಅವರು ಕೇಳುವುದು. ಸೀಳಿನ ಎರಡು ಅಂಚನ್ನು ಸೇರಿಸಿ ಹೊಲಿದೆ. ಕಂಬಿಯ ಏಣು ಮೇಲಕ್ಕೆ ಕಾಣಬಾರದೆಂದು ಒಳಗೆ ಎರಡು ಪದರ ದಪ್ಪ ಲೈನಿಂಗ್ ಕೊಟ್ಟೆ. ಇಸ್ತ್ರಿ ಮಾಡಿದ ಮೇಲೆ ಹೊಲಿಗೆ ಎಲ್ಲಿದೆ ಎಂದು ಹುಡುಕಬೇಕಿತ್ತು. ಅಷ್ಟು ಚೆನ್ನಾಗಿ ಬಂದಿತ್ತು ಕೆಲಸ. ಅದನ್ನು ನೋಡಿ ನನಗೆ ಸಂತೋಷವಾಯಿತು ಎನ್ನುವುದನ್ನೂ ಬರೆಯಬೇಕು.

ಮದುವೆ ಚಿಕ್ಕಬಳ್ಳಾಪುರದ ಒಂದು ಸಮುದಾಯ ಭವನದಲ್ಲಿ. ತಂಗಿ ಮನೆಯಿಂದ ಕಾಟನ್ ಬಟ್ಟೆಯಲ್ಲಿ ಬಂದು, ಅಲ್ಲಿನ ಪಕ್ಕದ ಕೋಣೆಯಲ್ಲಿ ತಯಾರಾದಳು. ಬಿಳಿ ಲೆಗ್ಗಿಂಗ್ಸ್, ಅದರ ಮೇಲೆ ಕ್ಯಾಲಿಪರ್, ಲಾಕ್ ಹಾಕಿ ಎದ್ದು ನಿಂತಳು. ನಾನು ಮೇಲಿನಿಂದ ಅಂಗಿ ಇಳಿಸಿದೆ. ಅವಳ ಕೈ ಎಡಗಡೆಗೆ ಹೋಯಿತು.

"ಅಕ್ಕಾ, ಓಪನ್ ಎಲ್ಲಿ?"

"ರೇಷ್ಮೆ ಕಣೇ. ಅದರಲ್ಲೂ ಈ ಗಂಟಿನ ರೇಷ್ಮೆ. ಓಪನ್ ಬಿಟ್ರೆ ಅಂಚಿಂದ ನೂಲು ಬಿಟ್ಕೊಂಡು ಮೇಲಿನ ಗಂಟ ಹರ್ಕೊಂಡು ಹೋಗತ್ತೆ. ನೆನ್ನೆ ನೋಡ್ದೆ. ಅದಕ್ಕೇ ಮುಚ್ಬಿಟ್ಟೆ."

ಬೇರೆ ಯಾರಾದರೂ ಹೇಳಿದ್ದರೆ ಅವಳು ಜಗಳಕ್ಕೆ ಬರುತ್ತಿದ್ದಳು. ಕಚೇರಿಯಲ್ಲಿ ಮೇಲಿನವರನ್ನೇ ಎದುರು ನಿಂತು ಕೇಳುವವಳು. ಆದರೆ ಬಟ್ಟೆಯ ವಿಷಯದಲ್ಲಿ ನಾನು ಹೇಳಿದ್ದನ್ನು ಅವಳು ಎಂದೂ ಎರಡನೇ ಸಲ ಕೇಳಿದವಳಲ್ಲ. "ಹೌದಾ? ಹೋಗ್ಲಿ ಬಿಡು, ಹೆಂಗೋ ಮಾಡ್ತೀನಿ," ಎಂದಳು. ಹೊರಗಿನಿಂದ ಮೈಕಿನಲ್ಲಿ ಕರೆದರು. ಹೊರಟಳು.

ಸೀಳಿಲ್ಲದ ನೇರ ಅಂಗಿಯಲ್ಲಿ ಹೆಜ್ಜೆ ಅರ್ಧಕ್ಕೆ ನಿಲ್ಲುತ್ತಿತ್ತು. ನಿಧಾನ ನಡೆದಳು. ಜನ ಅದನ್ನು ಗಾಂಭೀರ್ಯ ಎಂದುಕೊಂಡರು. ಕೈ ಹಿಡಿಯಲು ಬಂದ ಇಬ್ಬರನ್ನು ನಕ್ಕು ದೂರ ಮಾಡಿ ವೇದಿಕೆ ಹತ್ತಿದಳು. ಇಬ್ಬರೂ ನಿಂತು ಶೀಲ ಹೇಳಿದರು. ಆಮೇಲೆ ಹಿರಿಯರೊಬ್ಬರ ಪ್ರವಚನ. ಅದಕ್ಕೆ ಮೊದಲು ಎಲ್ಲರೂ ಕೂರಬೇಕು. ಭವನದಲ್ಲಿ ಇನ್ನೂರು ಕುರ್ಚಿ ಸದ್ದು ಮಾಡಿದವು. ವೇದಿಕೆಯ ಮೇಲಿದ್ದವರು ಕೂತರು. ಮೇಷ್ಟ್ರೂ ಕೂತರು.

ತಂಗಿಯ ಎಡಗೈ ಮೊಣಕಾಲಿನ ಹತ್ತಿರ ಹೋಯಿತು. ಬಟ್ಟೆಯ ಮೇಲಿನಿಂದ ಚಿವುಟಲು ನೋಡಿತು. ಲೈನಿಂಗ್ ದಪ್ಪ, ಉಂಗುರ ಬೆರಳಿಗೆ ಸಿಗಲಿಲ್ಲ. ಇನ್ನೊಂದು ಸಲ ನೋಡಿತು. ಅಂಗಿಯನ್ನು ಕೆಳಗಿನಿಂದ ತೊಡೆಯವರೆಗೆ ಎತ್ತದೆ ಬೇರೆ ದಾರಿಯಿರಲಿಲ್ಲ, ಅಷ್ಟು ಜನರ ಮುಂದೆ. ಕೈ ಹಿಂದಕ್ಕೆ ಬಂತು.

"ಕೂತ್ಕೊಳಮ್ಮ," ಎಂದರು ಹಿರಿಯರು.

"ಪರ್ವಾಗಿಲ್ಲ ಸಾರ್. ನಿಂತೇ ಕೇಳ್ತೀನಿ."

ಅವರು ತುಂಬಾ ಮೆಚ್ಚಿಕೊಂಡರು. ಈ ಹೆಣ್ಣುಮಗಳ ಶ್ರದ್ಧೆ ನೋಡಿ ಎಂದು ಮೈಕಿನಲ್ಲೇ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಅವಳ ಮುಖ ನೋಡಿ, ಏನೋ ಅರ್ಥ ಮಾಡಿಕೊಂಡವರಂತೆ ತಾವೂ ಎದ್ದು ಪಕ್ಕದಲ್ಲಿ ನಿಂತರು. ಪ್ರವಚನ ಮುಕ್ಕಾಲು ಗಂಟೆ ನಡೆಯಿತು.

ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ನನ್ನ ಬ್ಯಾಗಿನಲ್ಲಿ ಸಣ್ಣ ಕತ್ತರಿ ಇತ್ತು. ಮದುವೆ ಮನೆಗೆ ಯಾವ ಟೈಲರೂ ಕತ್ತರಿ ಇಲ್ಲದೆ ಹೋಗುವುದಿಲ್ಲ. ವೇದಿಕೆಗೆ ಹೋಗಿ, ಅಂಗಿಯ ಅಂಚು ಸರಿಮಾಡುವವಳಂತೆ ಬಗ್ಗಿ, ಹೊಲಿಗೆ ಬಿಚ್ಚಿ ಬರಲು ಎರಡು ನಿಮಿಷ ಸಾಕಿತ್ತು. ನಾನು ಏಳಲಿಲ್ಲ. ಎದ್ದು ಬಿಚ್ಚಿದರೆ ನೂಲು ಬಿಡುವುದಿಲ್ಲ, ನಾನು ಹೇಳಿದ್ದು ಸುಳ್ಳು ಎಂದು ಅವಳಿಗೆ ಗೊತ್ತಾಗುತ್ತಿತ್ತು. ಅವಳು ಬಲಗಾಲಿನ ಮೇಲೆ ಭಾರ ಹಾಕಿ, ಮತ್ತೆ ಎಡಕ್ಕೆ ಹಾಕಿ, ಮತ್ತೆ ಬಲಕ್ಕೆ ಹಾಕುವುದನ್ನು ಕೂತು ನೋಡಿದೆ. ಪಕ್ಕದಲ್ಲಿದ್ದ ಹೆಂಗಸು ನನ್ನ ತೊಡೆ ತಟ್ಟಿ, "ಏನ್ ಹೊಲ್ದಿದ್ದೀಯ ತಾಯಿ! ಕಾಲು ಹಂಗಿದೆ ಅಂತ ಗೊತ್ತೇ ಆಗಲ್ಲ," ಎಂದಳು. ನಾನು ಬಯಸಿದ್ದ ಮಾತು ಅದೇ. ಅಕ್ಷರಕ್ಷರವೂ ಅದೇ.

ಊಟಕ್ಕೆ ಮೊದಲು ತಂಗಿ ಕೋಣೆಗೆ ಹೋಗಿ ಕಾಟನ್ ಬಟ್ಟೆಗೆ ಬದಲಾಯಿಸಿದಳು. "ಚೆನ್ನಾಗಿತ್ತಕ್ಕಾ," ಎಂದಳು ನನಗೆ. ಅವಳ ತೊಡೆಯ ಹತ್ತಿರ ಕ್ಯಾಲಿಪರಿನ ಪಟ್ಟಿ ಉಜ್ಜಿ ಕೆಂಪಗಾಗಿತ್ತು. ಅದಕ್ಕೆ ಎಣ್ಣೆ ಹಚ್ಚಿಕೊಟ್ಟೆ.

ಆ ಮದುವೆಯ ಫೋಟೊ ಊರೂರು ಸುತ್ತಿತು. ಬಿಳಿ ಗಂಟು ರೇಷ್ಮೆಯಲ್ಲಿ ನೆಟ್ಟಗೆ ನಿಂತ ಮದುಮಗಳು, ಪಕ್ಕದಲ್ಲಿ ನಿಂತ ಗಂಡ. ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೆಣ್ಣುಮಕ್ಕಳು ನನ್ನ ಅಂಗಡಿ ಹುಡುಕಿಕೊಂಡು ಬರತೊಡಗಿದರು. ಬೇರೆ ಅಂಗಡಿಯಲ್ಲಿ ಕೇಳಲು ನಾಚಿಕೆಪಟ್ಟವರು, ಕೇಳಿ ಬೈಸಿಕೊಂಡವರು. ಚಿಂತಾಮಣಿಯ ಒಬ್ಬರು, ಗಂಡ ಹೋಗಿ ಹನ್ನೊಂದು ವರ್ಷವಾದ ಮೇಲೆ ಮದುವೆಯಾಗುತ್ತಿದ್ದವರು, ಬದನೆ ಹೂವಿನ ಬಣ್ಣದ ಉದ್ದ ಅಂಗಿ ಬೇಕು, ಕನ್ನಡಕಕ್ಕೆ ಜೇಬು ಬೇಕು ಎಂದರು. ಅಲೀಪುರದ ಒಬ್ಬ ಟೀಚರು ಅಜ್ಜಿಯ ಹಳೆಯ ದುಪಟ್ಟಾಗಳ ಗಂಟು ಬಿಚ್ಚಿ, "ಆಪಾ, ಇವನ್ನೆಲ್ಲ ಸೇರಿಸಿ ಒಂದು ಕೋಟ್ ಆಗತ್ತಾ? ಅಮ್ಮೀಜಾನ್ ಬೇಡ ಅಂತಿದಾರೆ, ನೀವು ಆಗತ್ತೆ ಅಂದ್ಬಿಡಿ," ಎಂದಳು. ಆಗತ್ತೆ ಎಂದೆ, ಮಾಡಿಯೂ ಕೊಟ್ಟೆ. ಮುರುಗಮಲ್ಲದ ಹತ್ತಿರದ ನರ್ಸೊಬ್ಬಳು ಸ್ಕೂಟರ್ ಓಡಿಸಿಕೊಂಡೇ ಮದುವೆಗೆ ಹೋಗುತ್ತೇನೆ ಎಂದಾಗ, ಅವಳ ರೇಷ್ಮೆ ಅಂಗಿಗೆ ಎರಡೂ ಪಕ್ಕ ಸೀಳು ಇಟ್ಟೆ. ಒಳಗಿನಿಂದ ಓರೆಯಾಗಿ ಕತ್ತರಿಸಿದ ಬಟ್ಟೆಯ ಪಟ್ಟಿ ಹಿಡಿದು ಹೊಲಿದರೆ ರೇಷ್ಮೆಯ ಅಂಚು ಒಂದು ನೂಲೂ ಬಿಡುವುದಿಲ್ಲ. ಇದು ಹೊಲಿಗೆ ಕಲಿತ ಎರಡನೇ ವರ್ಷದಲ್ಲೇ ನನಗೆ ಗೊತ್ತಿದ್ದ ಕೆಲಸ.

ಇವರೆಲ್ಲರ ಮುಂದೆ ನಾನು ಧೈರ್ಯವಾಗಿ ಮಾತಾಡುತ್ತಿದ್ದೆ. ನಿಮ್ಮ ಮದುವೆ, ನಿಮ್ಮ ಮೈ, ನಿಮಗೇನು ಬೇಕೋ ಹೇಳಿ, ಮಿಕ್ಕದ್ದು ನನಗೆ ಬಿಡಿ ಎನ್ನುತ್ತಿದ್ದೆ. ಆ ಮಾತು ನಿಜವೇ. ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಅದನ್ನು ಹೇಳಿದ ದಿನವೆಲ್ಲ ತಂಗಿಯ ಕೈ ಮೊಣಕಾಲಿನ ಹತ್ತಿರ ಹೋಗಿ ಹಿಂದಕ್ಕೆ ಬಂದದ್ದು ನೆನಪಾಗುತ್ತಿತ್ತು. ಅವಳಿಗೆ ಮಾತ್ರ ಏನೂ ಹೇಳಿರಲಿಲ್ಲ. ಹಬ್ಬಕ್ಕೆ ಬರುತ್ತಿದ್ದಳು, ಅವಳ ಮಗುವಿಗೆ ಅಂಗಿ ಹೊಲಿದುಕೊಡುತ್ತಿದ್ದೆ, ಹೋಗುತ್ತಿದ್ದಳು.

ಹೋದ ವರ್ಷ ಮಾವಿನ ಕಾಲದಲ್ಲಿ ಒಂದು ಶನಿವಾರ ಬೆಳಗ್ಗೆ ತಂಗಿ ಅಂಗಡಿಗೆ ಒಬ್ಬ ಹುಡುಗಿಯನ್ನು ಆಟೊದಲ್ಲಿ ಕರೆದುಕೊಂಡು ಬಂದಳು. ಗೌರಿಬಿದನೂರು ತಾಲ್ಲೂಕಿನ ಹಳ್ಳಿಯವಳು. ಮೂರು ವರ್ಷದ ಹಿಂದೆ ಮಾಳಿಗೆಯಿಂದ ಬಿದ್ದು ಸೊಂಟದ ಕೆಳಗೆ ಸ್ಪರ್ಶ ಹೋಗಿದೆ, ಗಾಲಿಕುರ್ಚಿಯಲ್ಲಿ ಓಡಾಡುತ್ತಾಳೆ. ಬೀಳುವುದಕ್ಕೆ ಮೊದಲೇ ಮದುವೆ ಗೊತ್ತಾಗಿದ್ದ ಹುಡುಗ, ಬಿದ್ದ ಮೇಲೂ ಬಿಡಲಿಲ್ಲವಂತೆ. ತಂಗಿಯ ಕಚೇರಿಗೆ ಯಾವುದೋ ಸರ್ಟಿಫಿಕೇಟಿಗೆ ಬಂದಾಗ ಪರಿಚಯ. ನನ್ನ ಅಂಗಡಿಗೆ ಎರಡು ಮೆಟ್ಟಿಲಿದೆ, ಕುರ್ಚಿ ಒಳಗೆ ಬರಲಿಲ್ಲ. ನಾನೇ ಟೇಪು ಹಿಡಿದು ಬೀದಿಗೆ ಇಳಿದೆ.

ಹುಡುಗಿ ಮಡಿಲಿನಿಂದ ಬಟ್ಟೆ ತೆಗೆದಳು. ಹಳದಿ ರೇಷ್ಮೆ. "ನಮ್ಮನೇಲೇ ಹುಳ ಸಾಕಿದ್ದು ಆಂಟಿ. ನಾನೇ ಕುರ್ಚಿ ಮೇಲೆ ಕೂತ್ಕೊಂಡು ಸೊಪ್ಪು ಹಾಕಿದ್ದು. ಇದರಲ್ಲೇ ಆಗ್ಬೇಕು. ಒಂದು ಪಕ್ಕ ಪೂರ್ತಿ ಓಪನ್ ಇರ್ಬೇಕು. ಮಲ್ಕೊಂಡೇ ಸುತ್ಕೊಂಡು ಗುಂಡಿ ಹಾಕ್ಕೊಳ್ಳೋ ಹಂಗೆ. ಇನ್ನೊಬ್ಬರು ನನಗೆ ಬಟ್ಟೆ ಹಾಕ್ಬಾರ್ದು, ಅವತ್ತೊಂದು ದಿನ."

ನಾನು ಉತ್ತರ ಕೊಡುವ ಮೊದಲೇ ತಂಗಿ ಮಾತಾಡಿದಳು.

"ರೇಷ್ಮೇಲಿ ಓಪನ್ ಇಡಕ್ಕಾಗಲ್ಲಮ್ಮ. ಅಂಚಿಂದ ನೂಲು ಬಿಟ್ಕೊಳ್ಳತ್ತೆ. ನನ್ನ ಮದ್ವೇಲೂ ಅಷ್ಟೇ, ಅಕ್ಕ ಎಷ್ಟೋ ನೋಡಿದ್ಳು, ಆಗ್ಲಿಲ್ಲ, ಕೊನೇಗೆ ಮುಚ್ಬೇಕಾಯ್ತು. ನೀನು ಕಾಟನ್ ತಗೊಂಡ್ಬಿಡು. ಕಾಟನ್ನಲ್ಲಿ ಅಕ್ಕ ಚಿನ್ನದಂಗೆ ಮಾಡ್ಕೊಡ್ತಾಳೆ."

ಅವಳ ದನಿಯಲ್ಲಿ ಒಂದು ಚೂರೂ ಕೊಂಕು ಇರಲಿಲ್ಲ. ನನ್ನ ಪರವಾಗಿ ಹೇಳುತ್ತಿದ್ದಳು. ಹುಡುಗಿ ನನ್ನ ಮುಖ ನೋಡಿದಳು. ನಾನು ಟೇಪನ್ನು ಕೊರಳಿಗೆ ಹಾಕಿಕೊಂಡೆ. ಅವಳು "ಹೌದಾ ಆಂಟಿ," ಎಂದು ರೇಷ್ಮೆಯನ್ನು ಮತ್ತೆ ಮಡಿಸತೊಡಗಿದಳು. ಮೊದಲು ಎರಡಾಗಿ, ಆಮೇಲೆ ನಾಲ್ಕಾಗಿ.

"ಮಡಿಸ್ಬೇಡ," ಎಂದೆ.

ಆಮೇಲೆ ತಂಗಿಯ ಕಡೆ ತಿರುಗಿದೆ.

"ಆಗತ್ತೆ ಕಣೇ. ರೇಷ್ಮೇಲೂ ಆಗತ್ತೆ. ಪಟ್ಟಿ ಹಿಡಿದು ಹೊಲಿದ್ರೆ ಏನೂ ಆಗಲ್ಲ. ಅವತ್ತೂ ಆಗ್ತಿತ್ತು."

ತಂಗಿಗೆ ಮೊದಲು ಅರ್ಥವಾಗಲಿಲ್ಲ. "ಅವತ್ತು ಬಿಟ್ಕೊಂಡಿತ್ತು ಅಂದ್ಯಲ್ಲಕ್ಕಾ."

"ಬಿಟ್ಕೊಂಡಿರ್ಲಿಲ್ಲ. ಚೆನ್ನಾಗೇ ಇತ್ತು. ನಾನೇ ಮುಚ್ದೆ. ಸುಳ್ಳು ಹೇಳ್ದೆ."

ಅವಳು ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಎರಡು ಉಂಗುರ ಟಕ್ ಟಕ್ ಎಂದವು.  

"ಮುಕ್ಕಾಲು ಗಂಟೆ ನಿಂತಿದ್ದೆ ಅಕ್ಕಾ ಅವತ್ತು. ಕಾಲು ಸೋತು ಬೀಳ್ತೀನೇನೋ ಅಂದ್ಕೊಂಡೆ. ಆ ಹಿರೀರ ಒಂದು ಮಾತೂ ಕಿವಿಗೆ ಬೀಳ್ಲಿಲ್ಲ. ಬೀಳ್ಬಾರ್ದು, ಬೀಳ್ಬಾರ್ದು ಅನ್ನೋದೊಂದೇ. ನನ್ ಮದ್ವೆ ಅಂದ್ರೆ ನಂಗೆ ಅದೇ ನೆನಪು."

"ಗೊತ್ತು. ನೋಡ್ತಾ ಇದ್ದೆ."

"ನೋಡ್ತಾ ಇದ್ದ್ಯಾ?"

ಅವಳ ಕಣ್ಣು ನನ್ನ ಮೇಲೆ ನಿಂತಿತು. ಗಾಲಿಕುರ್ಚಿಯ ಹುಡುಗಿ ತಲೆ ತಗ್ಗಿಸಿ ಬಟ್ಟೆಯ ಅಂಚು ಸವರುತ್ತಿದ್ದಳು. ಬೀದಿಯಲ್ಲಿ, ಗಿರಾಕಿಯ ಮುಂದೆ, ಕೊರಳಲ್ಲಿ ಟೇಪು ಹಾಕಿಕೊಂಡು ಇದನ್ನು ಹೇಳುತ್ತೇನೆ ಎಂದು ನಾನು ಅಂದುಕೊಂಡಿರಲಿಲ್ಲ. 

"ನೋಡ್ತಾ ಇದ್ದೆ. ಬ್ಯಾಗಲ್ಲಿ ಕತ್ತರಿ ಇತ್ತು, ಎದ್ದು ಬರ್ಲಿಲ್ಲ. ನಿನ್ ಕಾಲು ಮುಚ್ಚಿದ್ದು ನಿನಗೋಸ್ಕರ ಅಲ್ಲ ಕಣಮ್ಮ, ನಾಲ್ಕ್ ಜನ ನನ್ನ ಮೆಚ್ಚಲಿ ಅಂತ. ನೀನು ಚಿಕ್ಕೋಳಿದ್ದಾಗಿಂದ ಹಂಗೇ ಮಾಡ್ಕೊಂಡ್ ಬಂದೆ, ಒಂದು ದಿನಾನೂ ನಿನ್ ಕೇಳ್ಲಿಲ್ಲ. ಅವತ್ತು ನೀನು ಬಾಯ್ಬಿಟ್ಟು ಕೇಳ್ದೆ, ಆವಾಗ್ಲೂ ಕೊಡ್ಲಿಲ್ಲ. ನಿನ್ ಮದ್ವೇಲಿ ನೀನು ಕೂತ್ಕೊಳ್ಳದೇ ಇರೋ ಹಂಗೆ ಮಾಡ್ದೋಳು ನಾನು. ತಪ್ಪಾಯ್ತು. ನನ್ನ ಕ್ಷಮಿಸು."